ನಲವತ್ತೈದು ನಿಮಿಷ ಸಾಲದ ಬೆಳಗು

ಬೆಳಗಿನ ಐದೂಕಾಲು. ಇಂದಿರಾನಗರದ ರಕ್ತನಿಧಿಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಹುಸೇನಮ್ಮ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ. ಏಸಿ ಇರುವುದು ಯಂತ್ರಕ್ಕಾಗಿ, ನಡುಗುವುದು ಅವರು. ಸಣ್ಣ ಬೀರುವಿನಷ್ಟು ಎತ್ತರದ ಆ ಯಂತ್ರದ ಕರಿ ಪರದೆಯಲ್ಲಿ ಹಸಿರು ಅಕ್ಷರಗಳು ಮಿಣುಕುತ್ತಿವೆ.

ಕೆಲಸ ಕೇಳಲು ಸರಳ. ಹಿಂದಿನ ದಿನ ದಾನವಾಗಿ ಬಂದ ರಕ್ತದ ಪರೀಕ್ಷೆಯ ಫಲಿತಾಂಶವನ್ನೆಲ್ಲ ಮೊದಲ ಜಾಬ್, ಅಂದರೆ ತಾನಾಗಿ ಓಡುವ ಪ್ರೋಗ್ರಾಂ, ಯಂತ್ರದೊಳಗೆ ತುಂಬುತ್ತದೆ. ಸೋಂಕಿರುವ ಚೀಲಗಳನ್ನು ಬಿಟ್ಟು, ಆಸ್ಪತ್ರೆಗಳಿಗೆ ಹೋಗಬೇಕಾದವುಗಳ ಪಟ್ಟಿಯನ್ನು ಎರಡನೆಯದು ಅಚ್ಚು ಹಾಕುತ್ತದೆ. ಎರಡನೆಯದಕ್ಕೆ ಒಂದು ಅಪ್ಪಣೆ ಬರೆದಿಟ್ಟಿದ್ದರು: ಮೊದಲನೆಯದು ಶುರುವಾದ ಮೇಲೆ ಎರಡು ಸಾವಿರದ ಏಳುನೂರು ಸೆಕೆಂಡು ಕಾದು, ಆಮೇಲೆ ಓಡು. ಅಂದರೆ ನಲವತ್ತೈದು ನಿಮಿಷ. ದಿನಕ್ಕೆ ಅರವತ್ತು ಚೀಲ, ಅದರಲ್ಲಿ ಒಂದೋ ಎರಡೋ ತಿರಸ್ಕೃತ. ಅಷ್ಟಕ್ಕೆ ಆ ಹೊತ್ತು ಧಾರಾಳ.

ಹುಸೇನಮ್ಮ ರಾಯಚೂರು ಕಡೆಯವರು. ಮೊಹರಮ್ಮಿನ ಅಲಾಯಿ ಹಬ್ಬದ ಹರಕೆಯಿಂದ ಹುಟ್ಟಿದ ಮಗಳೆಂದು ಅಪ್ಪ ಆ ಹೆಸರಿಟ್ಟರು. ತೊಂಬತ್ತೊಂದರಲ್ಲಿ ಗಂಡನ ರೈಲ್ವೆ ಕೆಲಸದ ಬೆನ್ನಿಗೆ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಗೆ ಬಂದರು. ಮೊದಲು ಇಲ್ಲಿ ನೆಲ ಒರೆಸಿದರು, ಆಮೇಲೆ ಟೈಪಿಂಗ್ ಕಲಿತರು. "ಮಷೀನು ಮುಟ್ಟಿದ್ರೆ ಕೆಡ್ತದೆ ಅಂತ ಹೆದರ್ಸಿದ್ರು ರೀ. ಮುಟ್ಟಿದೆ, ಕೆಡ್ಲಿಲ್ಲ," ಎಂದು ನಗುತ್ತಾರೆ.

ಆದರೆ ಎರಡು ವರ್ಷದ ಹಿಂದಿನ, ಎರಡು ಸಾವಿರದ ಒಂದರ ಆಗಸ್ಟ್ ಹದಿನಾರರ ಮಾತು ಬಂದರೆ ಆ ನಗು ಆರಿಹೋಗುತ್ತದೆ.

ಹಿಂದಿನ ದಿನ ದೊಡ್ಡ ಶಿಬಿರವಿತ್ತು. ಇನ್ನೂರ ಹನ್ನೆರಡು ಚೀಲ ಬಂದಿದ್ದವು. ಪಟ್ಟಿ ಎಂದಿನ ಹೊತ್ತಿಗೇ ಅಚ್ಚಾಯಿತು. ಉಗ್ರಾಣದವರು ಅದನ್ನು ನೋಡಿ ಚೀಲಗಳನ್ನು ಪೆಟ್ಟಿಗೆಗೆ ತುಂಬಿದರು. ಆರೂವರೆಗೆ ಚಾಲಕ ನಿಂಗಣ್ಣ ವ್ಯಾನ್ ಹೊರಡಿಸಿದ. ಪಟ್ಟಿಯ ಪ್ರತಿಯನ್ನು ಫೈಲಿಗೆ ಸೇರಿಸಲು ಕೈಗೆತ್ತಿಕೊಂಡ ಹುಸೇನಮ್ಮ ಅಲ್ಲೇ ನಿಂತುಬಿಟ್ಟರು. ಇನ್ನೂರ ಹನ್ನೆರಡರಲ್ಲಿ ಒಂದೂ ತಿರಸ್ಕೃತ ಇಲ್ಲ. ಪರದೆ ನೋಡಿದರು. ಮೊದಲ ಜಾಬ್ ಇನ್ನೂ ಓಡುತ್ತಲೇ ಇತ್ತು.

"ಅಂದ್ರೆ ರಿಸಲ್ಟು ಪೂರ್ತಿ ಬರೋಕೂ ಮುಂಚೆನೇ ಪಟ್ಟಿ ಬಂದ್ಬಿಟ್ಟಿದೆ! ಎರಡನೇ ಜಾಬು ನಲವತ್ತೈದು ನಿಮಿಷ ಕಾದಿದೆ, ಅಷ್ಟೇ. ಮೊದಲ್ನೇದು ಮುಗೀತಾ ಅಂತ ಕೇಳೇ ಇಲ್ಲ. ಸೋಂಕು ಅಂತ ಬರೆದಿಲ್ದಿರೋ ಚೀಲಾನೆಲ್ಲ ಸೇರಿಸ್ಬಿಟ್ಟಿದೆ."

ವ್ಯಾನಿನ ಮೊದಲ ನಿಲ್ದಾಣ ಹಲಸೂರಿನ ನರ್ಸಿಂಗ್ ಹೋಂ. ಅಲ್ಲಿಗೆ ಮೂರು ಸಲ ಫೋನು ಮಾಡಿದರು, ಯಾರೂ ಎತ್ತಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿ ಆಟೋ ಹಿಡಿದರು. ನರ್ಸಿಂಗ್ ಹೋಮಿನ ಗೇಟಿನಲ್ಲಿ ನಿಂಗಣ್ಣ ಟೀ ಕುಡಿಯುತ್ತಿದ್ದ.

"ನಿಂಗಣ್ಣ, ಗಾಡಿ ತೆಗೀಬೇಡ! ಒಂದು ಚೀಲಾನೂ ಮುಂದೆ ಹೋಗ್ಬಾರ್ದು!"

"ಇಲ್ಲಿಗೆ ನಾಲ್ಕು ಕೊಟ್ಬಿಟ್ಟೆ ಅಕ್ಕಾ!"

ಮಹಡಿ ಮೇಲೆ, ಹೆರಿಗೆಯಲ್ಲಿ ರಕ್ತ ಹೋಗಿ ಬೆಳ್ಳಗೆ ಬಿಳಿಚಿಕೊಂಡ ಹೆಂಗಸೊಬ್ಬಳ ಮಂಚದ ಪಕ್ಕ ಚೀಲ ತೂಗಾಡುತ್ತಿತ್ತು. ನರ್ಸ್ ಅಮೃತಮ್ಮನ ಕೈಯಲ್ಲಿ ಕೊಳವೆ ಇತ್ತು, ಸೂಜಿಗೆ ಇನ್ನೂ ಜೋಡಿಸಿರಲಿಲ್ಲ.

"ಬೇಡ ಸಿಸ್ಟರ್, ಬೇಡ! ಇದರ ರಿಸಲ್ಟೇ ಬಂದಿಲ್ಲ!"

ಅಮೃತಮ್ಮ ಕೊಳವೆ ಮುಚ್ಚಿದರು. ರಕ್ತನಿಧಿಯಲ್ಲಿ ಹಳೆಯ ದಾಸ್ತಾನಿನಿಂದ ಬೇರೆ ಚೀಲ ಹುಡುಕಿ ತರಲು ನಿಂಗಣ್ಣ ವ್ಯಾನ್ ತಿರುಗಿಸಿದ. ಹುಸೇನಮ್ಮ ಅಲ್ಲಿಂದಲೇ ಪ್ರಯೋಗಾಲಯಕ್ಕೆ ಸುದ್ದಿ ಮುಟ್ಟಿಸಿದ್ದರು; ಏಳೂಕಾಲಿಗೆ ಅಲ್ಲಿಂದ ನರ್ಸಿಂಗ್ ಹೋಮಿಗೇ ಫೋನು ಬಂತು. ಮೂರು ಚೀಲಗಳಲ್ಲಿ ಕಾಮಾಲೆಯ ಸೋಂಕಿತ್ತು. ಮಂಚದ ಪಕ್ಕ ತೂಗುತ್ತಿದ್ದುದು ಆ ಮೂರರಲ್ಲಿ ಒಂದು.

"ನಂಬರು ಎರಡು ಸಲ ಕೇಳಿ ಬರ್ಕೊಂಡೆ ರೀ. ಅಲ್ಲೇ ಗೋಡೆಗೊರಗಿ ಕೂತ್ಬಿಟ್ಟೆ. ಸಿಸ್ಟರ್ ನೀರು ಕೊಟ್ರು. ಆಕೀ ಕೂಸು ಅಳ್ತಾ ಇತ್ತು."

ಮರುದಿನ ಅವರ ಮೇಜಿನ ಮೇಲೆ ಕಚೇರಿಯ ಮೆಮೊ ಇತ್ತು. ಅನುಮತಿಯಿಲ್ಲದೆ ಯಂತ್ರದ ಕೋಣೆ ಬಿಟ್ಟುಹೋದದ್ದೇಕೆ? ಅದನ್ನು ಓದಿದ ಸಹೋದ್ಯೋಗಿಗಳು ದಂಗಾದರು. ಹುಸೇನಮ್ಮ ಅದರ ಕೆಳಗೆ ಒಂದೇ ಸಾಲು ಬರೆದು ಹಿಂದಿರುಗಿಸಿದರು: 'ಫೋನು ಯಾರೂ ಎತ್ತಲಿಲ್ಲ, ಅದಕ್ಕೆ ಹೋದೆ.' ಕಚೇರಿ ಆ ಮೆಮೊವನ್ನು ಹಿಂತೆಗೆದುಕೊಳ್ಳಲು ಎಂಟು ತಿಂಗಳು ಹಿಡಿಯಿತು.

ಯಂತ್ರ ಮಾತ್ರ ವಾರದಲ್ಲಿ ಸರಿಹೋಯಿತು. ಪ್ರೋಗ್ರಾಮರ್ ಗುರುಕಿರಣ ಬಂದು, ಏನು ಮಾಡಬೇಕೆಂದು ಅವರನ್ನೇ ಕೇಳಿದ. ಈಗ ಎರಡನೆಯ ಜಾಬ್ ಎದ್ದ ಕೂಡಲೇ ಮೊದಲನೆಯದು ಮುಗಿಯಿತೇ ಎಂದು ನೋಡುತ್ತದೆ. ಮುಗಿಯದಿದ್ದರೆ ಇನ್ನೈದು ನಿಮಿಷ ಕಾಯುತ್ತದೆ, ಮತ್ತೆ ನೋಡುತ್ತದೆ. ಫಲಿತಾಂಶವಿಲ್ಲದ ಚೀಲ ಪಟ್ಟಿಗೆ ಏರುವುದೇ ಇಲ್ಲ. ಹಾಗಿದ್ದರೂ ಹುಸೇನಮ್ಮ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದ ಮೇಲೆಯೇ ಸಹಿ ಹಾಕುತ್ತಾರೆ.

ಆ ತಾಯಿ ಮುಂದೆ ಯಾವತ್ತಾದರೂ ಸಿಕ್ಕಿದ್ದಳೇ?

"ಇಲ್ಲ ರೀ. ಹೆಸ್ರೂ ಗೊತ್ತಿಲ್ಲ. ಆಕೀಗೂ ಏನೂ ಗೊತ್ತಿಲ್ಲ, ಒಳ್ಳೇದೇ ಆಯ್ತು." ಸಂಕೋಚದಿಂದ ಮುಂದುವರಿಸುತ್ತಾರೆ: "ನಾನೂ ರಕ್ತ ಕೊಡ್ಬೇಕು ಅಂತ ನಾಲ್ಕು ಸಲ ಹೋದೆ. ನಿಮ್ಮಲ್ಲೇ ರಕ್ತ ಕಮ್ಮಿ ಐತಮ್ಮಾ ಅಂತ ವಾಪಸ್ ಕಳಿಸಿದ್ರು. ಈಗ ದಿನಾ ಸೊಪ್ಪು ತಿಂತಾ ಇದೀನಿ. ಒಂದ್ಸಲನಾದ್ರೂ ನನ್ನ ಚೀಲದ ನಂಬರು ಈ ಪಟ್ಟೀಲಿ ಬರ್ಬೇಕು. ನಾನೇ ಸಹಿ ಹಾಕಿ ಕಳಿಸ್ಬೇಕು."