ಸಯ್ಯಾಜಿರಾವ್ ರಸ್ತೆಯ ಕಿಟಕಿ

ಮೈಸೂರಿನ ಮೇಲೆ ದೇವಿರಮ್ಮನಿಗಿದ್ದ ದೂರುಗಳನ್ನು ಕೇಳಬೇಕಾದರೆ ಊಟ ಮುಗಿಸಿಕೊಂಡೇ ಕೂರಬೇಕಿತ್ತು. ಹೂವಿನ ಊರು, ತಂಪು ಊರು, ಅರಮನೆಯ ಊರು ಎಂದು ಹೊರಗಿನವರು ಹೊಗಳಿದರೆ ಅವಳು ಮೂಗು ಮುರಿಯುತ್ತಿದ್ದಳು. "ಹೊಗಳೋರು ಬಂದು ನಮ್ಮ ಮೆಟ್ಲ ಮೇಲೆ ಎರಡು ಬಿಂದಿಗೆ ನೀರು ಹೊರ್ಲಿ, ಆಮೇಲೆ ಹೊಗಳ್ಲಿ" ಎನ್ನುತ್ತಿದ್ದಳು. ಯಾರಿಗೆ ಹೇಳುತ್ತಿದ್ದಳು ಎಂದರೆ, ಬಹುಪಾಲು ಬೀದಿಯ ನಲ್ಲಿಗೇ. ಅಲ್ಲಿ ನೀರಿಗೆ ನಿಂತ ಹೆಂಗಸರು ತಂತಮ್ಮ ಬಿಂದಿಗೆ ತುಂಬಿದ ಕೂಡಲೇ ಹೊರಟುಬಿಡುತ್ತಿದ್ದರು.

ಸಯ್ಯಾಜಿರಾವ್ ರಸ್ತೆಯಲ್ಲಿ, ಮಾರ್ಕೆಟ್ಟಿನ ಎದುರು ಸಾಲಿನಲ್ಲಿ, ವೃಷಭೇಂದ್ರಪ್ಪನವರ ಪಾತ್ರೆ ಅಂಗಡಿ ಇತ್ತು. ಅದರ ನೆತ್ತಿಯ ಮೇಲಿನ ಒಂದೇ ಕೋಣೆ ಅವಳ ಮನೆ. ಗಂಡ ಸಿದ್ದರಾಜು ಮಾರ್ಕೆಟ್ಟಿನಲ್ಲಿ ಬಾಳೆಹಣ್ಣಿನ ವ್ಯಾಪಾರ ಮಾಡುತ್ತಿದ್ದವನು. ನಂಜನಗೂಡಿನಾಚೆಯ ಹಳ್ಳಿಯಿಂದ ಮದುವೆಯಾಗಿ ಬಂದವಳನ್ನು ಸೀದಾ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, "ನೋಡು, ಜಂಬೂಸವಾರಿ ನಮ್ಮನೆ ಕೆಳಗೇ ಓಯ್ತದೆ" ಎಂದಿದ್ದ. ಒಲೆ ಎಲ್ಲಿ, ನೀರು ಎಲ್ಲಿ ಎಂದು ಹೆಂಡತಿ ಕೇಳುವ ಮೊದಲು ಕಿಟಕಿ ತೋರಿಸಿದ ಪುಣ್ಯಾತ್ಮ. ಸ್ವಾತಂತ್ರ್ಯ ಬಂದ ಎರಡನೆಯ ವರ್ಷ ಅವನು ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ದೇವಿರಮ್ಮ ಊದುಬತ್ತಿ ಹೊಸೆಯುತ್ತ ಅದೇ ಕೋಣೆಯಲ್ಲಿ ಉಳಿದಳು. ಊರಿನ ದೇವರ ಮನೆಗಳಿಗೆಲ್ಲ ಪರಿಮಳ ಹೊಸೆದು ಕೊಡುವವಳ ಮೂಗಿಗೆ ಹಗಲೆಲ್ಲ ಬಡಿಯುತ್ತಿದ್ದುದು ಮಾರ್ಕೆಟ್ಟಿನ ಕೊಳೆತ ಬಾಳೆದಿಂಡಿನ ವಾಸನೆ. ಒಣಗಲು ಇಟ್ಟ ಹಸಿ ಬತ್ತಿಗಳಿಗೆ ರಸ್ತೆಯ ಧೂಳು ಮೆತ್ತಿಕೊಳ್ಳುತ್ತಿತ್ತು. ಅದೂ ಒಂದು ದೂರು.

ಎಲ್ಲಕ್ಕಿಂತ ದೊಡ್ಡ ದೂರು ಬಾಗಿಲಿನದು. ಮಹಡಿಯ ಮೇಲಿನ ಮನೆಗೆ ಅಂಗಳವೆಲ್ಲಿಂದ ಬರಬೇಕು? ಬಾಗಿಲು ತೆಗೆದರೆ ಕಡಿದಾದ ಮೆಟ್ಟಿಲು, ಮೆಟ್ಟಿಲಿಳಿದರೆ ಅಂಗಡಿಯ ಮುಂಭಾಗ, ಅಲ್ಲಿ ನೀರು ಹಾಕಿ ರಂಗೋಲಿ ಬಿಡುವವರು ಸಾಹುಕಾರರ ಕಡೆಯವರು. ತೌರಿನಲ್ಲಿ ದೇವಿರಮ್ಮನ ಕೈಯ ರಂಗೋಲಿ ಎಂದರೆ ಬೀದಿಯವರು ನಿಂತು ನೋಡುತ್ತಿದ್ದರು. ಬಂದವರು ಅದನ್ನು ತುಳಿದು ಅಳಿಸಿಬಿಟ್ಟರೆ ಹುಡುಗಿ ಅಳುತ್ತಿದ್ದಳು. ಅವಳ ತಾಯಿ, "ತುಳೀಲಿ ಬುಡು ಮಗ, ಮನೆಗೆ ಜನ ಬಂದದ್ದಕ್ಕೆ ಅದೇ ಗುರುತು" ಎಂದು ಸಮಾಧಾನ ಹೇಳುತ್ತಿದ್ದಳು. ಮೈಸೂರಿಗೆ ಬಂದ ಮೇಲೆ ತುಳಿಯುವುದಕ್ಕೆ ಜನವೂ ಇಲ್ಲ, ತುಳಿಸಿಕೊಳ್ಳುವುದಕ್ಕೆ ರಂಗೋಲಿಯೂ ಇಲ್ಲ.

ಜನರ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡಬೇಕು. ಮೈಸೂರಿನವರು ನಯಸ್ಥರು. ಒಂದು ಗಟ್ಟಿ ಮಾತು ಆಡುವವರಲ್ಲ, ಬೈದರೂ ಬಹುವಚನದಲ್ಲೇ ಬೈಯುತ್ತಾರೆ. ಆದರೆ "ಒಳಗೆ ಬನ್ನಿ" ಎನ್ನುವಾಗ ಅವರ ಒಂದು ಕೈ ಬಾಗಿಲ ಚಿಲಕದ ಮೇಲೇ ಇರುತ್ತದೆ ಎಂದು ದೇವಿರಮ್ಮ ಹೇಳುತ್ತಿದ್ದಳು. ಎಷ್ಟೋ ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದ ಹೆಂಗಸರ ಪೈಕಿ ಒಬ್ಬರಾದರೂ ಅವಳ ಮೆಟ್ಟಿಲು ಹತ್ತಿರಲಿಲ್ಲ.

ಹತ್ತುತ್ತಿದ್ದವರು ತೌರಿನವರು. ಅದೂ ವರ್ಷಕ್ಕೊಮ್ಮೆ, ವಿಜಯದಶಮಿಯ ದಿನ. ಬೆಳಗಿನ ಚಾಮರಾಜನಗರದ ರೈಲಿಗೆ ಅಣ್ಣ ಹುಚ್ಚಯ್ಯ, ಅವನ ಮಗ ಚೆಲುವರಾಜು, ಸೊಸೆ ವಸಂತಮ್ಮ, ಮಕ್ಕಳು, ಜೊತೆಗೆ ಅಕ್ಕಪಕ್ಕದ ಮನೆಯ ಒಂದಿಬ್ಬರು, ಹೀಗೆ ಒಂದು ದಂಡೇ ಇಳಿಯುತ್ತಿತ್ತು. ಚೆಲುವರಾಜುವಿನ ಹೆಗಲ ಮೇಲೆ ರಸಬಾಳೆಯ ಗೊನೆ. ಅದರ ವಾಸನೆ ಅವರಿಗಿಂತ ಮೊದಲೇ ಮೆಟ್ಟಿಲು ಹತ್ತಿ ಬರುತ್ತಿತ್ತು. ಆ ದಿನ ಕೋಣೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಬ್ಬಟ್ಟು ಬೇಯಿಸುವುದು, ಅಣ್ಣನಿಗೆ ಉಪ್ಪು ಹಾಕದ ಮಜ್ಜಿಗೆ ಕೊಡುವುದು, ಮಕ್ಕಳು ಕಿಟಕಿಯಿಂದ ಬೀಳದಂತೆ ಲಂಗ ಹಿಡಿದುಕೊಳ್ಳುವುದು, ಈ ಗಡಿಬಿಡಿಯಲ್ಲಿ ದೇವಿರಮ್ಮ ಅಂಬಾರಿಯನ್ನು ನೆಟ್ಟಗೆ ನೋಡಿದ್ದೇ ಇಲ್ಲ. ಎಲ್ಲರ ಬೆನ್ನ ಹಿಂದೆ ನಿಂತು, ತಲೆಗಳ ಸಂದಿಯಲ್ಲಿ ಏನೋ ಹೊಳೆದು ಹೋದದ್ದನ್ನು ಕಂಡು ಕೈಮುಗಿಯುತ್ತಿದ್ದಳು. ಸಿದ್ದರಾಜುವಿನ ತಿಥಿಗೆ ಬಿಡುವಿಲ್ಲ ಎಂದವರು ಅದೇ ವರ್ಷ ದಸರೆಗೆ ಬಂದರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬಂದರಲ್ಲ, ಸಾಕು. ಉಳಿದ ವರ್ಷವೆಲ್ಲ ಆ ಒಂದು ದಿನವನ್ನೇ ಮೆಲುಕು ಹಾಕುತ್ತ ಬತ್ತಿ ಹೊಸೆಯುತ್ತಿದ್ದಳು.

ರಾಜ್ಯ ಒಂದಾದ ಮರುವರ್ಷ, ಆಷಾಢ ಕಳೆಯುವ ಹೊತ್ತಿಗೆ, ವೃಷಭೇಂದ್ರಪ್ಪನವರು ಅವಳನ್ನು ಅಂಗಡಿಗೆ ಕರೆಸಿದರು. ವಿದ್ಯಾರಣ್ಯಪುರದ ಕಡೆ ಅವರು ಸಾಲುಮನೆಗಳನ್ನು ಕಟ್ಟಿಸಿದ್ದರು.

"ನೋಡೀಮ್ಮ, ನಿಮಗೂ ಮಂಡಿ ನೋವು. ಅಲ್ಲಿ ಕೊನೇ ಮನೆ ಖಾಲಿ ಇದೆ. ಹಿತ್ತಿಲಲ್ಲೇ ನಲ್ಲಿ, ಮುಂದೆ ಅಂಗಳ. ಬಾಡಿಗೆ ಈಗಿನಷ್ಟೇ ಕೊಡಿ. ಮಹಡಿ ಕೋಣೇನ ಯಾರೋ ಸ್ಕೂಲ್ ಟೀಚರಮ್ಮ ಕೇಳ್ತಿದಾರೆ."

"ಬಾಗಿಲ ಮುಂದೆ ಜಾಗ ಎಷ್ಟದೆ ಸಾವ್ಕಾರ್ರೇ?" ಎಂದು ಕೇಳಿದಳು ದೇವಿರಮ್ಮ.

"ಎತ್ತಿನ ಗಾಡಿ ತಿರುಗಿಸಬಹುದು" ಎಂದರು ಅವರು. ಅವಳು ಇನ್ನೇನನ್ನೂ ಕೇಳಲಿಲ್ಲ.

ಶ್ರಾವಣದಲ್ಲಿ ಒಳ್ಳೆಯ ದಿನ ನೋಡಿ ಹೋದಳು. ಹೋದ ಮೇಲೆ ಗೊತ್ತಾಯಿತು, ತಾನು ದೂರುತ್ತಿದ್ದ ಊರೇ ತನಗೆ ಜೊತೆಗಿದ್ದದ್ದು ಎಂದು. ಹೊಸ ಬಡಾವಣೆಯಲ್ಲಿ ಮಧ್ಯಾಹ್ನ ಎಂದರೆ ಕಾಗೆಯೂ ಯೋಚಿಸಿ ಕೂಗಬೇಕು, ಅಂಥ ಮೌನ. ಜಟಕಾದ ಕುದುರೆಯ ಗೆಜ್ಜೆ ಇಲ್ಲ, ಕೆಳಗೆ ಪಾತ್ರೆ ಬಡಿದು ನೋಡುವ ಗಿರಾಕಿ ಇಲ್ಲ. ನಸುಕಿನಲ್ಲಿ ಮಾರ್ಕೆಟ್ಟಿನ ಮುಂದೆ ಮಲ್ಲಿಗೆಯ ಕುಕ್ಕೆಗಳ ಮೇಲಿನ ಬಾಳೆಲೆ ತೆಗೆದಾಗ ಬರುತ್ತಿದ್ದ ಘಮ, ಅದನ್ನು ಒಂದು ದಿನವೂ ಬಾಯಿಬಿಟ್ಟು ಹೊಗಳಿರಲಿಲ್ಲ, ಈಗ ಎದ್ದ ಕೂಡಲೇ ಅದೇ ನೆನಪಾಗುತ್ತಿತ್ತು. ಚಾಮುಂಡಿಬೆಟ್ಟ ಮಾತ್ರ ಇಲ್ಲಿಗೆ ಹತ್ತಿರ. ಸಂಜೆ ಬೆಟ್ಟದ ದೀಪ ಹತ್ತಿದಾಗ ಅವಳು ಅದರ ಜೊತೆಗೇ ಎರಡು ಮಾತಾಡುತ್ತಿದ್ದಳು. ನಲ್ಲಿಯಲ್ಲಿ ಬೇಕಾದಷ್ಟು ನೀರು ಬರುತ್ತಿತ್ತು. ಆದರೆ ಒಬ್ಬಳೇ ಹಿಡಿಯುವ ನೀರಿನಲ್ಲಿ ಜಗಳಕ್ಕೂ ಜನ ಇರಲಿಲ್ಲ.

ಆದರೂ ಅಂಗಳವಿತ್ತಲ್ಲ. ಗಂಡನಿಲ್ಲದವಳಿಗೆ ರಂಗೋಲಿ ಯಾಕೆ ಎಂದು ಮೂಗು ತೂರಿಸಲು ಅಲ್ಲಿ ಯಾರೂ ಇರಲಿಲ್ಲ. ದಿನಾ ಬಿಡುತ್ತಿದ್ದಳು, ದಿನಾ ಅದು ಸಂಜೆಯವರೆಗೂ ಬಿಟ್ಟ ಹಾಗೆಯೇ ಇರುತ್ತಿತ್ತು. ಅವಳು ದಸರೆಗೆ ಕಾದಳು. ಭಾದ್ರಪದದಲ್ಲಿ ಚೆಲುವರಾಜು ಬಾಳೆಕಾಯಿ ಹಾಕಲು ಮಾರ್ಕೆಟ್ಟಿಗೆ ಬಂದಾಗ ಅವನನ್ನು ಹಿಡಿದು ಕರೆತಂದು ಮನೆ ತೋರಿಸಿದಳು. ಅವನು ನಲ್ಲಿ ತಿರುಗಿಸಿ ನೋಡಿದ. "ಚೆಂದಾಗದೆ ಬುಡು ಅತ್ತೆ, ರಾಣಿ ಅಂಗಿದ್ದೀಯ" ಎಂದ.

"ಎಲ್ಲಾರ್ನೂ ಕರ್ಕೊಂಡು ಬಾರಪ್ಪ. ಇಲ್ಲೇ ಉಂಡು, ಆಮೇಲೆ ನಿಧಾನಕ್ಕೆ ಮೆರವಣಿಗೆಗೆ ಓಗೋವ."

"ಬತ್ತೀವಿ ಬುಡು" ಎಂದ ಅವನು.

ವಿಜಯದಶಮಿಯ ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಸಾರಿಸಿದಳು. ಮದುವೆಗೆ ಮೊದಲು ಬಿಡುತ್ತಿದ್ದ ದೊಡ್ಡ ತಾವರೆಯ ರಂಗೋಲಿ ಬೆರಳಿಗೆ ಮರೆತಿರಲಿಲ್ಲ. ಹೊಸ್ತಿಲಿನಿಂದ ಗೇಟಿನವರೆಗೆ ಅಂಗಳ ತುಂಬ ಅದನ್ನು ಬಿಟ್ಟಳು. ಗೋಡೆಯಾಚೆಯಿಂದ ಪಕ್ಕದ ಮನೆಯ ಬೆಟ್ಟಮ್ಮ ಇಣುಕಿ, "ಅಬ್ಬಬ್ಬಾ, ಏನು ವಿಶೇಷ ದೇವಿರಮ್ಮೋರೆ?" ಎಂದಳು. ಆ ಮನೆಗೆ ಬಂದು ಎರಡು ತಿಂಗಳಾದ ಮೇಲೆ ಬೆಟ್ಟಮ್ಮ ಅವಳನ್ನು ತಾನಾಗಿ ಕೇಳಿದ ಮೊದಲ ಮಾತು ಅದು.

"ನಮ್ಮ ತೌರು ಮನೆಯೋರು ಬತ್ತಾವ್ರೆ ಕಣಮ್ಮ. ಎಂಟು ಜನ. ನೋಡಿ, ಇವತ್ತು ನಿಮಗೆ ಗಲಾಟೆ ತಪ್ಪಿದ್ದಲ್ಲ" ಎಂದಳು ದೇವಿರಮ್ಮ. ಅವಳ ದನಿಯಲ್ಲಿದ್ದ ಹಿಗ್ಗನ್ನು ಬಚ್ಚಿಡಲು ಅವಳಿಗೆ ಬರಲಿಲ್ಲ.

ಒಬ್ಬಟ್ಟು ಬೆಂದವು. ಒಬ್ಬಟ್ಟಿನ ಸಾರು ಕುದಿದು ಇಳಿಯಿತು. ಉಪ್ಪಿಲ್ಲದ ಮಜ್ಜಿಗೆ ಬೇರೆ ಚೊಂಬಿನಲ್ಲಿ ಸಿದ್ಧವಾಯಿತು. ರೈಲು ತಡವಾಗಿರಬೇಕು ಎಂದುಕೊಂಡಳು. ಹಬ್ಬದ ಜನ, ಜಟಕಾ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡಳು. ಆಮೇಲೆ, ಹೊಸ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಥರ, ಚೆಲುವರಾಜು ದಾರಿ ತಪ್ಪಿ ಅಣ್ಣನನ್ನು ಬಿಸಿಲಲ್ಲಿ ಅಲೆಸುತ್ತಿದ್ದಾನೆ ಎಂದು ಹೆದರಿಕೆಯಾಯಿತು. ಹೊತ್ತು ನೆತ್ತಿಯಿಂದ ಜಾರಿದಾಗ ಬಾಗಿಲಿಗೆ ಬೀಗ ಹಾಕಿ, ರಂಗೋಲಿಯ ಅಂಚಿನಲ್ಲೇ ಕಾಲಿಟ್ಟು ದಾಟಿ, ಹುಡುಕಲು ಹೊರಟಳು. ಅವಳೂ ಉಂಡಿರಲಿಲ್ಲ.

ಸಯ್ಯಾಜಿರಾವ್ ರಸ್ತೆ ತಲುಪುವಾಗ ದೂರದಲ್ಲಿ ಬ್ಯಾಂಡು ಕೇಳುತ್ತಿತ್ತು. ಜನದ ನೂಕಿನಲ್ಲಿ ಅವಳು ಪಾತ್ರೆ ಅಂಗಡಿಯ ಎದುರಿಗೆ ಬಂದು ಬಿದ್ದಳು. ಅಭ್ಯಾಸಬಲದಿಂದ ಕತ್ತೆತ್ತಿದಳು. ಅವಳ ಕಿಟಕಿಯಲ್ಲಿ ಅವಳ ಅಣ್ಣ ಕೂತಿದ್ದ. ಪಕ್ಕದಲ್ಲಿ ವಸಂತಮ್ಮ, ಮುಂದೆ ಮಕ್ಕಳು, ಹಿಂದೆ ಚೆಲುವರಾಜುವಿನ ರುಮಾಲು. ಎಲ್ಲರೂ ಅರಮನೆಯ ದಿಕ್ಕಿಗೆ ಕತ್ತು ಚಾಚಿದ್ದರು, ಎಲ್ಲರ ಮುಖವೂ ಅರಳಿತ್ತು.

ಸಣ್ಣ ಹುಡುಗಿಯೇ ಮೊದಲು ಕಂಡದ್ದು. "ಅಜ್ಜೀ!" ಎಂದು ಕಿರುಚಿದಳು. ಚೆಲುವರಾಜು ಬಗ್ಗಿ ನೋಡಿ, ಕೈ ಬೀಸಿ ಕೂಗಿದ: "ಅತ್ತೇ, ಅಲ್ಯಾಕೆ ನಿಂತಿದ್ದೀಯೆ? ಮೇಲಕ್ಕೆ ಬಾ, ಜಾಗ ಮಾಡ್ತೀವಿ!"

ಎಂಟು ವರ್ಷ ಅವರೆಲ್ಲರಿಗೆ ಜಾಗ ಮಾಡಿಕೊಟ್ಟವಳು ಮೆಟ್ಟಿಲು ಹತ್ತಿದಳು. ಅರ್ಧಕ್ಕೇ ರಸಬಾಳೆಯ ವಾಸನೆ ಎದುರು ಬಂತು. ಗೊನೆ ಬಾಗಿಲ ಮರೆಯಲ್ಲಿತ್ತು, ಅವಳು ಯಾವಾಗಲೂ ಇಡಿಸುತ್ತಿದ್ದ ಜಾಗದಲ್ಲೇ.

"ಮನೆ ತಪ್ಪೋಯ್ತೇನಪ್ಪ?" ಎಂದಳು.

"ಇಲ್ಲ ಕಣತ್ತೆ, ನಿನ್ಮನೆಗೇ ಬರೋವಾಂತಿದ್ದೊ. ಬಿಸ್ಲು, ಅಷ್ಟು ದೂರ, ಐಕಳು ಬೇರೆ. ಈ ಟೀಚರಮ್ಮ ಒಳ್ಳೇವ್ರು, ಕೇಳಿದೇಟ್ಗೇ ಬನ್ನಿ ಅಂದ್ಬುಟ್ರು. ಸ್ಟೇಸನ್ನೂ ಇಲ್ಲೇ ಅತ್ರ ಅಲ್ವಾ?" ಚೆಲುವರಾಜುವಿನ ಮುಖದಲ್ಲಿ ಕಪಟವೇನೂ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಬೈಯುವುದಾದರೂ ಸುಲಭವಾಗುತ್ತಿತ್ತು.

ಹುಚ್ಚಯ್ಯ ತಂಗಿಯ ಕೈ ಹಿಡಿದು ಹತ್ತಿರ ಕೂರಿಸಿಕೊಂಡ. ಆಮೇಲೆ, ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳಿದ: "ನಿನ್ನ ಹೊಸ ಮನೆಯಿಂದ ಅಂಬಾರಿ ಕಾಣ್ತದೇನವ್ವ?"

"ಇಲ್ಲ ಕಣಣ್ಣ" ಎಂದಳು ದೇವಿರಮ್ಮ.

ಅಂಬಾರಿ ಬಂತು. ಕಿಟಕಿಯ ಮುಂದಿನ ಸಾಲಿನಲ್ಲಿ ಕೂತು, ಆನೆಯ ಹಣೆಯ ಬಣ್ಣದಿಂದ ಹಿಡಿದು ಬಾಲದವರೆಗೆ ಅವಳು ಎಲ್ಲವನ್ನೂ ನೋಡಿದಳು. ನೆಂಟರಿಗೆ ಕೊಡುವ ಜಾಗ ಅದು. ಚಿನ್ನವೆಲ್ಲ ಕಣ್ಣೀರಲ್ಲಿ ಕದಡಿಹೋಯಿತು. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು, ಅವಳೂ ಹೇಳಿದಳು.

ತಿರುಗಿದಾಗ ಎಲ್ಲರ ಬೆನ್ನ ಹಿಂದೆ, ತುದಿಗಾಲಲ್ಲಿ, ಕೈಯಲ್ಲಿ ಮಜ್ಜಿಗೆಯ ಲೋಟ ಹಿಡಿದು ಒಬ್ಬಳು ಹೆಂಗಸು ನಿಂತಿದ್ದಳು. ಅವಳೇ ಟೀಚರಮ್ಮ, ಹೆಸರು ಪ್ರೇಮಲೀಲಾ. ಮೂವತ್ತು ದಾಟಿರಬಹುದು, ಬೆವೆತ ಮುಖ, ಸೆರಗು ಸೊಂಟಕ್ಕೆ. ಏನೂ ಕಂಡಿರಲಾರದು, ಆದರೂ ಕಣ್ಣು ಹೊಳೆಯುತ್ತಿತ್ತು.

"ಬೇಜಾರು ಮಾಡ್ಕೋಬೇಡೀಮ್ಮ" ಎಂದಳು ಅವಳು ಮೆಲ್ಲಗೆ. "ನಾನು ತುಮಕೂರಿನವಳು. ಈ ಊರಿಗೆ ಬಂದಮೇಲೆ ನನ್ನ ಬಾಗಿಲು ತಟ್ಟಿದೋರು ಇವರೇ ಮೊದಲು. ಎಲ್ಲರೂ ಮಾತಾಡ್ತಾರೆ ಇಲ್ಲಿ, ಯಾರೂ ಬರೋದಿಲ್ಲ. ಮುಂದಿನ ವರ್ಷಾನೂ ಬರ್ತೀವಿ ಅಂದಿದಾರೆ."

ಅವರು ಬಂದದ್ದು ನಿನ್ನ ನೋಡೋಕಲ್ಲ ತಾಯಿ, ಕಿಟಕಿ ನೋಡೋಕೆ. ಮಾತು ದೇವಿರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಎಂಟು ವರ್ಷ ತನಗೆ ಯಾರೂ ಹೇಳದ ಮಾತು. ಹೇಳಿದ್ದರೆ ತಾನು ಆ ಎಂಟು ವರ್ಷ ಹೇಗೆ ಕಳೆಯುತ್ತಿದ್ದೆ ಎಂದು ಅವಳಿಗೆ ಹೊಳೆಯಲಿಲ್ಲ.

"ನಮ್ಮಣ್ಣನ ಮಜ್ಜಿಗೆಗೆ ಉಪ್ಪು ಆಕ್ಬೇಡಿ ಟೀಚರಮ್ಮ, ಅವನಿಗೆ ಸೇರಕ್ಕಿಲ್ಲ" ಎಂದಷ್ಟೇ ಹೇಳಿದಳು.

ಇಲ್ಲೇ ಮಲಗು ಎಂದು ಎಲ್ಲರೂ ಬಲವಂತ ಮಾಡಿದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿ ಎದ್ದಳು. ವಸಂತಮ್ಮ ಒಂದು ಚಿಪ್ಪು ರಸಬಾಳೆ ಕಿತ್ತು ಅವಳ ಸೆರಗಿಗೆ ಹಾಕಿದಳು.

ಮನೆ ಮುಟ್ಟುವಾಗ ಬೆಟ್ಟದ ದೀಪಗಳು ಆಗತಾನೇ ಹತ್ತಿದ್ದವು. ಬೆಟ್ಟಮ್ಮ ಗೋಡೆಯಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ನೆಂಟರು ಬಂದಿದ್ರಾ ದೇವಿರಮ್ಮೋರೆ? ನಾವು ಮೆರವಣಿಗೆಗೆ ಹೋಗ್ಬಿಟ್ಟಿದ್ವಿ."

"ಬಂದಿದ್ರು ಕಣಮ್ಮ. ಉಂಡ್ರು, ಹೊರಟ್ರು. ನೋಡಿ, ಹಣ್ಣು ತಂದಿದ್ರು" ಎಂದು ಗೋಡೆಯ ಮೇಲಿಂದ ಎರಡು ಹಣ್ಣು ಕೊಟ್ಟಳು. ಬೆಟ್ಟಮ್ಮ ಹಣ್ಣು ಮೂಸಿ ನೋಡಿ, ಪುಣ್ಯವಂತರು ನೀವು ಎಂದು ಹೇಳಿ ಒಳಗೆ ಹೋದಳು.

ದೇವಿರಮ್ಮ ಗೇಟು ತೆಗೆದಳು. ತಾವರೆ ಅಂಗಳ ತುಂಬ ಅರಳಿಕೊಂಡು ಹಾಗೆಯೇ ಇತ್ತು. ಒಂದು ಎಸಳೂ ಮಾಸಿರಲಿಲ್ಲ, ಒಂದು ಎಳೆಯೂ ಅಳಿಸಿರಲಿಲ್ಲ. ಬೆಳಿಗ್ಗೆ ಬೆಟ್ಟಮ್ಮ ಇತ್ತ ಇಣುಕಿದರೆ ಮೊದಲು ಕಾಣುವುದು ಅದೇ.

ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು. ರಂಗೋಲಿಯ ನಡುವೆ ಕಾಲಿಟ್ಟು ಹೊಸ್ತಿಲವರೆಗೆ ನಡೆದಳು. ತಿರುಗಿ ಗೇಟಿನವರೆಗೆ ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಅಣ್ಣ ಕಾಲೆಳೆದು ನಡೆಯುತ್ತಾನೆ, ಹಾಗೆ ಒಂದು ಸಲ ಎಳೆದು ನಡೆದಳು. ಮಕ್ಕಳು ಓಡಾಡುತ್ತಾರೆ, ಹಾಗೆ ಚಿಕ್ಕ ಚಿಕ್ಕ ಹೆಜ್ಜೆ ಹಾಕಿದಳು. ಮನೆಗೆ ಜನ ಬಂದುಹೋದ ಹಾಗೆ ಕಾಣುವವರೆಗೂ ತುಳಿದಳು. ಆಮೇಲೆ ಒಳಗೆ ಹೋಗಿ, ಒಬ್ಬಟ್ಟಿನ ಪಾತ್ರೆಗೆ ಮುಚ್ಚಳ ಮುಚ್ಚಿ, ಹಿತ್ತಿಲ ನಲ್ಲಿಯಲ್ಲಿ ಕಾಲು ತೊಳೆದುಕೊಂಡಳು.