ಎರಡು ಬೆರಳಿನ ಜಾಗ

ನನ್ನ ಹೆಂಡತಿ ನನ್ನನ್ನು ಹೊಗಳಿ ಬರೆದಳು. ನೀವು ಸರಿಯಾಗಿಯೇ ಓದಿದಿರಿ. ಹೊಗಳಿ, ಅದೂ ಅಚ್ಚಿಗೆಂದೇ!

ಪದ್ಮಾವತಿ ಹುಕ್ಕೇರಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ಈ ವರ್ಷವಷ್ಟೇ ನಿವೃತ್ತಳಾದವಳು. ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಅವಳದೂ ಒಂದು ಲೇಖನ ಬೇಕೆಂದರು. ಒಂದೇ ಪುಟ, ಒಂದು ಸಾಲೂ ಹೆಚ್ಚಾಗಕೂಡದು ಎಂಬ ಕರಾರು. ಅವಳು ಬರೆದದ್ದರ ಕೊನೆಯ ಪ್ಯಾರಾದಲ್ಲಿ ಹೀಗಿತ್ತು: "ಮನೆಗೆಲಸದಲ್ಲಿ ನನ್ನ ಯಜಮಾನರು ಕೈಜೋಡಿಸಿದ್ದರಿಂದಲೇ ನಾನು ನೆಮ್ಮದಿಯಿಂದ ಪಾಠ ಹೇಳಿದೆ."

ವಾರಕ್ಕೊಂದು ಅಂಕಣ ಬರೆಯುವ ನನ್ನ ಬಗ್ಗೆ ಇಂಥ ವಾಕ್ಯವನ್ನು ಯಾರೂ ಬರೆದಿರಲಿಲ್ಲ. ಗೋಕಾಕದ ಭಾವನಿಗೆ ಫೋನ್ ಮಾಡಿ ಓದಿಯೂ ಹೇಳಿದೆ. (ಎರಡು ಸಲ. ಲೈನ್ ಸರಿಯಿರಲಿಲ್ಲ ನೋಡಿ.)

ಮೊನ್ನೆ ಇಬ್ಬರೂ ನಮ್ಮೂರು ಯಮಕನಮರಡಿಯಿಂದ ಬಸ್ ಹತ್ತಿ ಹುಕ್ಕೇರಿಯ ಡಿಟಿಪಿ ಸೆಂಟರಿಗೆ ಹೋದೆವು. ಅದನ್ನು ನಡೆಸುವ ಸಲೀಮ ಇವಳ ಹಳೆಯ ವಿದ್ಯಾರ್ಥಿ. ಲೇಖನವನ್ನು ಆಗಲೇ ಟೈಪ್ ಮಾಡಿಟ್ಟಿದ್ದ. ಪ್ಯಾರಾಗಳೆಲ್ಲ ಎಡ ಅಂಚಿಗೆ ಅಂಟಿಕೊಂಡೇ ಶುರುವಾಗಿದ್ದವು.

"ಜಾಗಾ ಎಲ್ಲಿ ಬಿಟ್ಟೀಯೋ?" ಎಂದಳು ಇವಳು.

"ಈಗ ಯಾರೂ ಬಿಡಂಗಿಲ್ರಿ ಅಕ್ಕಾರ. ಹಿಂಗಾದ್ರ ಬರೋಬ್ಬರಿ ಒಂದು ಪೇಜ್ ಆಗತೈತಿ."

"ಸಾಲ್ಯಾಗ ಏನ ಕಲಿಸೇನಿ ನಿನಗ?"

ಸಲೀಮ ನಕ್ಕ. ಇವಳ ಕ್ಲಾಸಿನಲ್ಲಿ ಕಲಿತವರಿಗೆಲ್ಲ ಅದು ಬಾಯಿಪಾಠ. ಪ್ಯಾರಾ ಶುರು ಮಾಡುವ ಮೊದಲು ನೋಟ್‌ಬುಕ್ಕಿನ ಅಂಚಿಗೆ ಎಡಗೈಯ ಎರಡು ಬೆರಳು ಇಡಬೇಕು, ಅದರಾಚೆಗೆ ಮೊದಲ ಅಕ್ಷರ. ಇವಳು ಕಂಪ್ಯೂಟರಿನ ಗಾಜಿನ ಮೇಲೂ ಎರಡು ಬೆರಳು ಊರಿ ನಿಂತುಬಿಟ್ಟಳು! ಸಲೀಮ ಇಡೀ ಲೇಖನವನ್ನು ಸೆಲೆಕ್ಟ್ ಮಾಡಿ, ಮೇಲಿನ ಅಳತೆಪಟ್ಟಿಯಲ್ಲಿದ್ದ ಪುಟ್ಟ ತ್ರಿಕೋನವನ್ನು ಮೌಸಿನಿಂದ ಹಿಡಿದು ಅವಳ ಬೆರಳಿನವರೆಗೆ ಎಳೆದ. ಪ್ಯಾರಾಗಳ ಮೊದಲ ಸಾಲುಗಳೆಲ್ಲ ಒಟ್ಟಿಗೇ ಒಳಗೆ ಸರಿದವು. ಏನು ಚೆಂದ ಕಂಡಿತು ಅಂತೀರಿ!

ಆದರೆ ಕೊನೆಯ ಎರಡು ಸಾಲು ಮುಂದಿನ ಪುಟಕ್ಕೆ ಹೋಗಿ ಕುಳಿತವು.

"ಜಾಗಾ ತಗದ್ರ ಕೂಡತೈತ್ರಿ. ಇಲ್ಲಾಂದ್ರ ಒಂದು ವಾಕ್ಯ ತಗೀಬೇಕು," ಎಂದ ಸಲೀಮ.

ಕೊನೆಯ ಪ್ಯಾರಾದಲ್ಲೇ ಇತ್ತಲ್ಲ ನನ್ನನ್ನು ಹೊಗಳಿದ ವಾಕ್ಯ! "ಸಲೀಮ ಹೇಳೂದು ಖರೆ ಐತಿ. ಕಾಲ ಬದಲಾಗೇತಿ, ಜಾಗಾ ಯಾಕ ಬೇಕು?" ಎಂದೆ.

ಪದ್ಮಾವತಿ ಕನ್ನಡಕ ಏರಿಸಿ ಮೊದಲಿನಿಂದ ಓದಿದಳು. ಬಾವಿಯಿಂದ ನೀರು ಸೇದಿ ಕೊಡುತ್ತಿದ್ದ ಆಯಾ ಉಳಿದಳು. ಗೋಡೆ ಗಡಿಯಾರ ಕೊಟ್ಟ ವ್ಯಾಪಾರಿ ಉಳಿದರು. ಮಳೆ ಬಂದಾಗ ಕ್ಲಾಸಿನೊಳಗೆ ನುಗ್ಗುತ್ತಿದ್ದ ಆಡು ಕೂಡ ಉಳಿಯಿತು. ಬೆರಳು ಬಂದು ನಿಂತದ್ದು ನನ್ನ ವಾಕ್ಯದ ಮೇಲೆ.

"ಇದನ್ನ ತಗಿ."

"ಆಡು ತಗದ್ರ ನಡ್ಯಾಂಗಿಲ್ಲೇನ?" ಎಂದೆ.

"ಆಡು ಖರೇನ ಬರತಿತ್ರಿ," ಎಂದಳು.

ಸಲೀಮ ನಗು ತಡೆಯಲಾರದೆ ಪ್ರಿಂಟರಿನ ಕಡೆ ತಿರುಗಿದ.

ವಾಪಸು ಬಸ್ಸಿನಲ್ಲಿ ಮುಖ ಊದಿಸಿಕೊಂಡೇ ಕೂತೆ. ಅವಳು ಮಾತ್ರ ಪುಟವನ್ನು ತೊಡೆಯ ಮೇಲಿಟ್ಟು, ಒಂದೊಂದು ಪ್ಯಾರಾಕ್ಕೂ ಬೆರಳಿಟ್ಟು ನೋಡಿ ಖುಷಿಪಡುತ್ತಿದ್ದಳು. ಆ ಖುಷಿ ಕಂಡು ನನ್ನ ಸಿಟ್ಟು ಇಳಿಯಿತು, ಸುಳ್ಳೇಕೆ ಹೇಳಲಿ?

"ಮತ್ತ ಮೊದಲ ಯಾಕ ಬರ್ದಿದ್ದಿ?" ಎಂದೆ.

"ಎಲ್ಲಾರೂ ಹಂಗ ಬರೀತಾರಂತ ಬರ್ದಿದ್ನಿ. ಒಂದು ಕಪ್ ಚಹಾ ಮಾಡಿ ಕೊಡ್ರಿ, ಮತ್ತ ಬರೀತೇನಿ."

ಮನೆಗೆ ಬಂದವನೇ ಸ್ಟೋವ್ ಹಚ್ಚಿ ನಿಂತೆ. ಓದುಗರೇ, ಸಕ್ಕರೆ ಮೊದಲೋ, ಹಾಲು ಮೊದಲೋ?