ಬಲಕ್ಕೆ ಬಿದ್ದ ಹೂವು

ಗುಡಿಯ ಹನುಮಪ್ಪ ಬಲಗಡೆಯ ಹೂ ಕೊಟ್ಟಿದ್ದ. ಎಡಗಡೆಯದು ಬಿತ್ತು ಎಂದು ಮನೆಯಲ್ಲಿ ಹೇಳಿದವಳು ನಾನು. ಹದಿನಾಲ್ಕು ವರ್ಷವಾಯಿತು — ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ, ಯಜಮಾನರ ಮುಂದೆಯೂ.

ಹಾನಗಲ್ಲಿನ ನಮ್ಮ ಮನೆಯಲ್ಲಿ ಹೊಸ ಕೆಲಸಕ್ಕೆ ಕೈ ಹಾಕುವ ಮುಂಚೆ ದೇವರ ಪ್ರಸಾದ ಕೇಳುವುದು ರೂಢಿ. ಪೂಜಾರಿ ಮೂರ್ತಿಯ ಎರಡೂ ಹೆಗಲಿಗೆ ಒದ್ದೆ ಹೂ ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇಡ.

ನನ್ನ ಮೈದುನನ ಹೆಂಡತಿ ಗಿರಿಜಾ ಆಗ ಜಂಪರ ಹೊಲಿಯುತ್ತಿದ್ದಳು. ಅತ್ತೆಯವರ ಕಾಲಿನ ಹುಣ್ಣು ತೊಳೆದು ದಿನಾಲೂ ಪಟ್ಟಿ ಕಟ್ಟಿದವಳೂ ಅವಳೇ. ನನಗೆ ಅದನ್ನು ನೋಡಲೂ ಆಗುತ್ತಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ, ಹೊಲಿಗೆ ಬಿಟ್ಟು ಶಿಗ್ಗಾಂವಿಯಲ್ಲಿ ನರ್ಸಿಂಗ್ ಕಲಿಯುತ್ತೇನೆ ಎಂದಳು.

"ಮುಂಜಾನೆ ಬಸ್ಸಿಗೆ ಹೋಗಿ ಸಂಜಿಗೆ ಬರ್ತೇನಿ. ಅಲ್ಲೀ ತನಕಾ ಸವಿತಾನ್ನ ನೀವು ನೋಡ್ಕೊಂಡ್ರ ಸಾಕ್ರೀ ಅಕ್ಕಾ."

ಸವಿತಾ ಅವಳ ಮಗಳು, ಆಗ ನಾಲ್ಕು ವರ್ಷದವಳು. ಮೈದುನ, "ದೇವರು ಹೂ ಕೊಟ್ರ ಹೋಗು," ಎಂದುಬಿಟ್ಟ. ಆ ಶನಿವಾರ ಗಿರಿಜಾ ಹೊರಗಾಗಿದ್ದಳು, ಗುಡಿಗೆ ಬರುವಂತಿರಲಿಲ್ಲ. ನರ್ಸಿಂಗಿಗೆ ಹೆಸರು ಹಚ್ಚಲು ಎರಡೇ ದಿನ ಉಳಿದಿತ್ತು. ನನ್ನನ್ನು ಕಳಿಸಿದಳು.

"ಬಲಕ್ಕ ಬಿತ್ರೀ ಅವ್ವಾರ. ಚಲೋ ಆತು," ಎಂದು ಪೂಜಾರಿ ಹೂವನ್ನು ಕೈಗೆ ಹಾಕಿದರು. ಸೆರಗಿನಲ್ಲಿ ಕಟ್ಟಿಕೊಂಡೆ.

ಗುಡಿಯಿಂದ ಮನೆಗೆ ಎಷ್ಟು ದಾರಿ? ಅಷ್ಟರಲ್ಲಿ ತಲೆಗೆ ಬಂತು — ಮಗುವಿನ ಜಡೆ, ಊಟ, ಜ್ವರ, ಇನ್ನೊಂದಿಷ್ಟು ವರ್ಷ ಇದೇ — ಅತ್ತೆ ಹೋದ ಮೇಲೆ ಆಗಷ್ಟೇ ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗಲು ಸಿಕ್ಕಿತ್ತು ನನಗೆ. ಆ ಒಂದು ಗಳಿಗೆ. ಬಾವಿಕಟ್ಟೆಯ ಹತ್ತಿರ ಸೆರಗಿನ ಗಂಟು ಬಿಚ್ಚಿ ಹೂವನ್ನು ಬೇಲಿಯೊಳಗೆ ಒಗೆದೆ.

"ಎಡಕ್ಕ ಬಿತ್ತವಾ," ಎಂದೆ ಗಿರಿಜಾಗೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಇರ್ಲಿ ಬಿಡ್ರಿ ಅಕ್ಕಾ, ನನಗಿಂತ ಹನುಮಪ್ಪಗ ಹೆಚ್ಚು ಗೊತ್ತಿರ್ತೈತಿ," ಎಂದು ಹೋಗಿ ಸೂಜಿಗೆ ದಾರ ಪೋಣಿಸಿದಳು.

ದಿನಾ ಸಂಜೆ ದೀಪದ ಮುಂದೆ ಕುಳಿತು ದೇವರು ಕೊಟ್ಟದ್ದನ್ನು ಬೆರಳು ಮಡಚಿ ಎಣಿಸುತ್ತೇನೆ. ಹಾಲು ಒಡೆಯಲಿಲ್ಲ. ಮೊಣಕಾಲು ಅಷ್ಟು ನೋಯಲಿಲ್ಲ. ನಾನು ಜಾರಿ ಬಿದ್ದು ಕೈ ಮುರಿದಾಗ, ಬೇರೆ ಮನೆ ಮಾಡಿದ್ದ ಗಿರಿಜಾ ಬಂದು ತಿಂಗಳುಗಟ್ಟಲೆ ನನ್ನ ತಲೆ ಬಾಚಿದಳು — ಎಣಿಕೆ ಇಲ್ಲಿಗೆ ಬಂದರೆ ಬೆರಳು ಮಡಚಲು ಮನಸ್ಸು ಒಪ್ಪುವುದಿಲ್ಲ.

ಸವಿತಾ ಈಗ ಕಾಲೇಜಿಗೆ ಹೋಗುತ್ತಾಳೆ. ಗಿರಿಜಾಗೆ ನಲವತ್ತು ದಾಟಿದೆ, ಸೂಜಿಯ ಕಣ್ಣು ಕಾಣುವುದಿಲ್ಲ. ಮೊನ್ನೆ ಬಂದು, ರೋಗಿಗಳ ಆರೈಕೆಯ ತರಬೇತಿ ಇದೆಯಂತೆ, ಸೇರಲೇ ಎಂದು ಕೇಳಿದಳು. "ಈ ಸಲಾನೂ ಪ್ರಸಾದ ನೀವ ಕೇಳ್ರಿ ಅಕ್ಕಾ. ಹೋದ ಸಲ ಒಲ್ಲೆ ಅಂದಾನ, ಈಗ ನಾಚಿಕಿಗಾದ್ರೂ ಹೂಂ ಅಂತಾನ," ಎಂದು ನಕ್ಕಳು.

ನಾನೂ ನಕ್ಕೆ. ಅದೂ ಒಂದು ತಪ್ಪು.

ನಾಳೆ ಶನಿವಾರ. ಪ್ರಸಾದ ಕೇಳಲು ಗುಡಿಗೆ ಹೋಗುವುದಿಲ್ಲ — ಆ ಹೂವನ್ನು ದೇವರು ಎಂದೋ ಕೊಟ್ಟಾಗಿದೆ. ಅವಳ ಮನೆಗೆ ಹೋಗುತ್ತೇನೆ. ಮೈದುನನೂ ಇರುವಾಗಲೇ ನಿಜ ಹೇಳುತ್ತೇನೆ. ತರಬೇತಿಗೆ ಸೇರಿದರೆ ದಿನಾ ಅವಳು ಸಂಜೆ ಬರುವಷ್ಟರಲ್ಲಿ ಅವರ ಮನೆಯ ಅಡುಗೆ ನಾನು ಮಾಡಿಡುತ್ತೇನೆ, ಬೇಡ ಎನ್ನದಿದ್ದರೆ.

ಅವಳು ಇನ್ನು ನನ್ನನ್ನು ಅಕ್ಕಾ ಎನ್ನದಿರಬಹುದು. ಅನ್ನು ಎಂದು ಕೇಳುವ ಬಾಯಿ ನನಗಿಲ್ಲ.